ದಾಲ್ಚಾದ ಸೋರೆಕಾಯಿ



ನಂಜನಗೂಡನ್ನು ದಾಟಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ನೀರುಂಡ ಹೊಲಗಳ ಸೊಪ್ಪು, ಬದನೆ, ಹೀರೆ ನಮ್ಮ ಸಂತೆಗೆ ಬರುತ್ತವೆ. ಆದರೆ ನಮ್ಮ ಅನೇಕ ಮನೆಗಳ ದಸ್ತರ್‌ಖಾನಿನಲ್ಲಿ ಅವುಗಳಿಗೆ ಸ್ಥಾನವಿಲ್ಲ. 'ಸೊಪ್ಪು ತಿನ್ನಲು ನಾನೇನು ಮೇಕೆಯೇ?' ಎಂದು ಯಜಮಾನರು ಕೇಳುತ್ತಾರೆ; ಮಗನೂ ಅದನ್ನೇ ಕಲಿಯುತ್ತಾನೆ. ಮಧುಮೇಹ ಬಂದ ಬಳಿಕ ವೈದ್ಯರ ಮಾತಿಗೆ ತಲೆಬಾಗುವವರು ಪತ್ನಿಯ ಮಾತನ್ನು ಮೊದಲೇ ಆಲಿಸಬಾರದಿತ್ತೇ?

ಸಹೀಹ್ ಬುಖಾರಿಯಲ್ಲಿ ಒಂದು ವರದಿಯಿದೆ. ದರ್ಜಿಯೊಬ್ಬನು ಪ್ರವಾದಿಯವರನ್ನು(ಸ) ಊಟಕ್ಕೆ ಆಮಂತ್ರಿಸಿದನು. ಜವೆಗೋಧಿಯ ರೊಟ್ಟಿ; ಸೋರೆಕಾಯಿ, ಒಣಮಾಂಸ ಹಾಕಿದ ಸಾರು. ಪ್ರವಾದಿಯವರು(ಸ) ಬಟ್ಟಲಿನಲ್ಲಿ ಹುಡುಕಿದ್ದು ಮಾಂಸವನ್ನಲ್ಲ, ಸೋರೆಕಾಯಿಯನ್ನು. ಅದನ್ನು ಕಂಡ ಅನಸ್(ರ) ಅಂದಿನಿಂದ ಸೋರೆಕಾಯಿಯನ್ನು ಇಷ್ಟಪಡತೊಡಗಿದರು. ವರದಿಯಲ್ಲಿ ಉಪದೇಶದ ಮಾತೇ ಇಲ್ಲ. ನಾವೋ, ಮದುವೆಯ ದಾಲ್ಚಾದಲ್ಲಿ ಸೋರೆಕಾಯಿಯನ್ನು ಬದಿಗೆ ಸರಿಸಿ ಮಾಂಸದ ತುಂಡನ್ನು ಹುಡುಕುತ್ತೇವೆ!

ರುಚಿ ಬದಲಾಗುತ್ತದೆ. ಮಗುವು ಹೊಸ ತರಕಾರಿಯನ್ನು ಒಪ್ಪಲು ಎಂಟು ಹತ್ತು ಬಾರಿ ಸವಿಯಬೇಕಾದೀತು. ಒಮ್ಮೆ ಉಗುಳಿತೆಂದು ತಾಯಂದಿರು ಸೋಲಬಾರದು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಾಗಿ ಬಿರಿಯಾನಿಯನ್ನು ತ್ಯಜಿಸಬೇಕಿಲ್ಲ. ಖೀಮಾಕ್ಕೆ ಮೆಂತ್ಯಸೊಪ್ಪು ಬೆರೆಸಿರಿ. ದಾಲ್ಚಾದಲ್ಲಿ ಮಾಂಸವನ್ನು ಅರ್ಧಕ್ಕಿಳಿಸಿ ಸೋರೆ, ಬದನೆಗಳನ್ನು ಹೆಚ್ಚಿಸಿರಿ. ಬಡಿಸುವಾಗ ಮೊದಲ ತುಂಡು ತಂದೆಯ ತಟ್ಟೆಗೇ ಬೀಳಲಿ, ಮಕ್ಕಳು ನೋಡುತ್ತಿರುವಾಗಲೇ.