ಬೀರುವಿನ ಕೀಲಿ ಯಾರ ಕೈಲಿದೆ?



ಮೊಬೈಲಿನಲ್ಲಿ ಕಾಗದಪತ್ರ ಇಡುವುದನ್ನು ನಾನು ಕಲಿತದ್ದು ನಿವೃತ್ತಿಯಾದ ಮೇಲೆ, ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಗಂಡನ ಮನೆಯಿಂದ ಉಟ್ಟ ಸೀರೆಯಲ್ಲೇ ಹೊರಬಿದ್ದವಳು. ಒಡವೆಯ ರಸೀದಿ, ಅಂಕಪಟ್ಟಿ ಎಲ್ಲ ಅತ್ತೆಯ ಬೀರುವಿನಲ್ಲಿ. ಆದರೆ ಅವುಗಳ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿದ್ದಳು. ಅಲ್ಲಿ 15 ಜಿಬಿ ಜಾಗ ಪುಕ್ಕಟೆ.

ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಬರೆದಿಟ್ಟುಕೊಳ್ಳಬೇಕು, ಇಬ್ಬರೂ ಸಹಿ ಹಾಕಬೇಕು ಎಂದು 1985ರ ನಿಯಮವಿದೆ. ಎಷ್ಟು ಜನ ಬರೆದಿದ್ದೇವೆ? ನನ್ನ ಮಗಳ ಮದುವೆಯಲ್ಲಿ ನಾನೇ ಬರೆಸಲಿಲ್ಲ!

ಮುಂದೆ ಕೇಳಿ. ತವರಿಗೆ ಬಂದ ಮೂರನೇ ವಾರ ಹುಡುಗಿ ಡ್ರೈವ್ ತೆರೆದರೆ ಎಲ್ಲ ಖಾಲಿ. ಗಂಡನ ಹಳೆಯ ಫೋನಿನಲ್ಲೂ ಅವಳ ಖಾತೆ ತೆರೆದೇ ಇತ್ತು, ಅವನು ಅಳಿಸಿಬಿಟ್ಟಿದ್ದ. ಅಳಿಸಿದ್ದು 30 ದಿನ ಟ್ರ್ಯಾಶ್ ಎಂಬ ಕಸದ ಬುಟ್ಟಿಯಲ್ಲಿರುತ್ತದೆ. ಅದು ಅವನಿಗೆ ತಿಳಿದಿರಲಿಲ್ಲ, ಪುಣ್ಯ. ಎಲ್ಲ ವಾಪಸ್ಸು ಪಡೆದೆವು. ಅವನ ಫೋನನ್ನು ಖಾತೆಯಿಂದ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿದೆವು. ಅವಳ ಅಣ್ಣನ ಇಮೇಲಿಗೆ ಮಾತ್ರ, ಬರೀ ನೋಡುವಷ್ಟು ಅನುಮತಿ ಕೊಟ್ಟೆವು. 'ಲಿಂಕ್ ಇರುವ ಯಾರಾದರೂ' ಎಂದು ಒತ್ತಿಬಿಟ್ಟರೆ ಆ ಲಿಂಕ್ ಸಿಕ್ಕವರೆಲ್ಲ ನಿಮ್ಮ ಕಾಗದ ನೋಡಬಹುದು.

2015ರಲ್ಲಿ ಸರ್ಕಾರ ತಂದ ಡಿಜಿಲಾಕರ್ ಕೂಡ ಇದೆ. ಪರೀಕ್ಷಾ ಮಂಡಳಿಯೇ ಅದಕ್ಕೆ ನೀಡಿದ ಅಂಕಪಟ್ಟಿಗೆ ಅಸಲಿನ ಬೆಲೆ. ನಾವು ಫೋಟೋ ತೆಗೆದು ಹಾಕಿದ್ದು ನಕಲಷ್ಟೇ. ಆದರೆ ನಿಮ್ಮ ಆಧಾರಿಗೆ ಯಾರ ಮೊಬೈಲ್ ನಂಬರು ಜೋಡಿಸಿದೆ? ಗಂಡನದಾದರೆ ಓಟಿಪಿ ಹೋಗುವುದು ಅವನಿಗೆ.

ಫೋನ್ ತಂದವರು ಹತ್ತಿರ ಬನ್ನಿ. ಸಂಘದ ಪಾಸ್‌ಬುಕ್ಕಿನ ಮೊದಲ ಪುಟದಿಂದಲೇ ಶುರು ಮಾಡೋಣ.