ಗೇಣು ನೆಲದ ಲೆಕ್ಕವೂ ನ್ಯಾಯದ ಲೆಕ್ಕವೇ

(ಸಂಗೊಳ್ಳಿಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ನಾವಿಂದು ರಾಯಣ್ಣನ ಊರಿನಲ್ಲಿ ಸೇರಿದ್ದೇವೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಪಡೆಯು ಸರಕಾರಿ ಕಚೇರಿಗಳ ಭೂದಾಖಲೆಗಳನ್ನು ಸುಟ್ಟಿತ್ತು. ಅಂದು ಆ ಕಾಗದ ಪರಕೀಯರ ಅಸ್ತ್ರವಾಗಿತ್ತು. ಇಂದು ಅದೇ ಕಾಗದ ಬಡವನ ರಕ್ಷಣೆಯಾಗಬೇಕಾಗಿದೆ. ಆದರೆ ಅದನ್ನು ಸಿದ್ಧಪಡಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಹೊರೆ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿರುವರು. ತಂದೆ ಬಿಟ್ಟುಹೋದ 5 ಎಕರೆಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮಾತ್ರ ವಾರಸುದಾರರಾಗಿದ್ದರೆ ಮಗಳ ಪಾಲು 1 ಎಕರೆ. ಈ ಲೆಕ್ಕವನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಹೊಲದಲ್ಲಿ ಆ 40 ಗುಂಟೆಗಳ ಗಡಿ ಎಲ್ಲಿ? ಅಳತೆಯಾಗದ ಪಾಲು ಬಾಯಿಮಾತಿನಲ್ಲಿಯೇ ಉಳಿಯುತ್ತದೆ. ಅಕ್ಕತಂಗಿಯರ ಹಕ್ಕು ಅಲ್ಲಿಯೇ ಕಳೆದುಹೋಗುತ್ತದೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಅಡಿಯಲ್ಲಿ ಸರಕಾರವು ಖಾಸಗಿ ವ್ಯಕ್ತಿಗಳಿಗೂ ಭೂಮಾಪಕರ ಪರವಾನಗಿ ನೀಡುತ್ತದೆ. ಜಮೀನಿನ ಒಂದು ಭಾಗವನ್ನು ಮಾರಲು ಬೇಕಾಗುವ ಹನ್ನೊಂದು-ಇ ನಕ್ಷೆ ಮೊದಲಾದ ಕೆಲಸಗಳನ್ನು ಇವರು ಮಾಡುತ್ತಾರೆ. ಇದು ಸಂಬಳದ ನೌಕರಿಯಲ್ಲ. ಮಾಡಿದ ಕೆಲಸಕ್ಕೆ ಶುಲ್ಕವಿದೆ. ಈಚಿನ ವರ್ಷಗಳಲ್ಲಿ ಅರ್ಜಿ ಕರೆದಾಗ ಇಲಾಖೆ ಕೇಳಿದ ಅರ್ಹತೆ ಇಷ್ಟು: ಪಿಯುಸಿ ವಿಜ್ಞಾನದಲ್ಲಿ ತೇರ್ಗಡೆಯಾಗಿ ಗಣಿತದಲ್ಲಿ ಶೇ. 60 ಅಂಕ, ಇಲ್ಲವೇ ಸಿವಿಲ್ ಡಿಪ್ಲೊಮಾ ಅಥವಾ ಪದವಿ, ಇಲ್ಲವೇ ಐಟಿಐಯ ಸರ್ವೇ ತರಬೇತಿ. ಆಯ್ಕೆಯಾದವರು ಇಲಾಖೆಯ ತರಬೇತಿ ಪಡೆದು ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು.

ಪೋಷಕರೇ, ಈ ಮೂರು ದಾರಿಗಳೂ ಗಣಿತದ ಬಾಗಿಲಿನಿಂದಲೇ ಹೊರಡುತ್ತವೆ. ಹತ್ತನೆಯ ತರಗತಿಯ ಬಳಿಕ ಗಣಿತವನ್ನು ಕೈಬಿಟ್ಟವನಿಗೆ ಈ ಬಾಗಿಲು ಬಹುತೇಕ ಮುಚ್ಚಿದಂತೆ. ಕಲಾ ವಿಭಾಗವನ್ನು ಆಯ್ದುಕೊಂಡ ನಮಗೆ ಈ ಮಾತಿನ ಬೆಲೆ ತಡವಾಗಿ ತಿಳಿಯಿತು. ಗಣಿತವು ದೀನಿಗೆ ಹೊರತಾದ ವಿದ್ಯೆಯೆಂದು ಯಾರೂ ಭಾವಿಸಬಾರದು. 9ನೆಯ ಶತಮಾನದ ಅಲ್-ಖ್ವಾರಿಝ್ಮಿ ತನ್ನ ಬೀಜಗಣಿತದ ಗ್ರಂಥದಲ್ಲಿ ವಾರಸು ಪಾಲಿನ ಲೆಕ್ಕವನ್ನೂ ಕ್ಷೇತ್ರಗಳ ಅಳತೆಯನ್ನೂ ಒಟ್ಟಿಗೇ ಇಟ್ಟಿದ್ದನು. ಅವೆರಡನ್ನೂ ಬೇರ್ಪಡಿಸಿದವರು ನಾವು.

ಸರಕಾರಕ್ಕೂ ಒಂದು ಮಾತು. ಹಳ್ಳಿಯ ಶಾಲೆಗೆ ಗಣಿತದ ಶಿಕ್ಷಕರನ್ನು ಕೊಡದೆ ಶೇ. 60 ಅಂಕ ಕೇಳಿದರೆ ಅವಕಾಶವು ಅಧಿಸೂಚನೆಯಲ್ಲಿಯೇ ಉಳಿಯುತ್ತದೆ. ಆದರೆ ಸರಕಾರವನ್ನು ದೂರಿ ನಾವು ಕೈಕಟ್ಟಿ ಕೂಡುವಂತಿಲ್ಲ. ಈ ವರ್ಷ ಪ್ರತಿ ಜಮಾಅತ್ ಹತ್ತನೆಯ ತರಗತಿಯ ಮಕ್ಕಳಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ಸಂಜೆಯ ಗಣಿತ ಪಾಠ ಆರಂಭಿಸಲಿ. ನಾಳೆ ಅವರಲ್ಲೊಬ್ಬಳು ಹಿಡಿಯುವ ಅಳತೆಯ ಸರಪಳಿಯೇ ಒಬ್ಬ ಅನಾಥೆಯ ಪಾಲನ್ನು ಉಳಿಸಬಹುದು. ಅಲ್ಲಾಹನು ನಮಗೆ ನ್ಯಾಯದ ಬುದ್ಧಿಯನ್ನು ಕರುಣಿಸಲಿ.