ಹಾಳೂರಿನ ಗಾಣದ ಕಲ್ಲು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಮನುಷ್ಯ. ನನ್ನ ಭಾಷಣದಲ್ಲಿ ತಪ್ಪಿದ್ದರೆ ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂಘ ಎಷ್ಟು ಲೀಟರಿನಿಂದ ಶುರುವಾಗಿ ಎಲ್ಲಿಗೆ ಬಂತು ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾನು ಬೇರೆ ಒಂದು ವಿಷಯ ಹೇಳುತ್ತೇನೆ. ಅದು ನಾವು ಈಗ ಕುಳಿತಿರುವ ಈ ಕಟ್ಟಡದ ತಳಪಾಯಕ್ಕೆ ಸೇರಿದ್ದು.

ಹನ್ನೆರಡು ವರ್ಷದ ಹಿಂದೆ ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ತೀರ್ಮಾನವಾಯಿತು. ದುಡ್ಡು ಸಾಲದು. ಕಲ್ಲಿನ ಖರ್ಚು ಉಳಿಸೋಣ ಎಂದು ಕಾವಲಿನ ಅಂಚಿನ ಹಾಳೂರು ದಿಬ್ಬದಿಂದ ಟ್ರ್ಯಾಕ್ಟರಿನಲ್ಲಿ ಕಲ್ಲು ಹೊಡೆಸಿದೆವು. ಆ ಸಭೆಯಲ್ಲಿ ಮೊದಲು ಕೈ ಎತ್ತಿದವನು ನಾನೇ. ಬಂದ ಕಲ್ಲಿನಲ್ಲಿ ಒಂದು ದೊಡ್ಡ ಗಾಣದ ಕಲ್ಲಿತ್ತು. ಒಡೆಯುವಾಗ ಕಲ್ಲುಕುಟಿಗ ಸುತ್ತಿಗೆ ಕೆಳಗಿಟ್ಟು, ‘ಸಾಮಿ, ಇದರ ಬಾಯಿ ಸುತ್ತ ಏನೋ ಅಕ್ಷರ ಇದ್ದಂಗೈತೆ’ ಅಂದ. ‘ಹಳೇ ಕಲ್ಲು ಕಣಪ್ಪ, ಏನೋ ಗೀಚಿರ್ತಾರೆ, ಹೊಡಿ’ ಅಂದೆ. ಹೊಡೆದ. ಅಕ್ಷರವಿದ್ದ ಚೂರುಗಳು ತಳಪಾಯಕ್ಕೆ ಹೋದವು. ಒಂದು ಭಾಗ ಮಾತ್ರ ಉಳಿದು ಹಿತ್ತಲಲ್ಲಿ ಬಿದ್ದಿತ್ತು.

ಅದಾದ ಮೇಲೆ ಒಂದು ದಿನ ಹಾಲು ಹಾಕಲು ಬಂದ ಗಾಣಿಗರ ಮನೆಯ ಅಜ್ಜಿ ಆ ತುಂಡನ್ನು ನೋಡಿ ನಿಂತುಬಿಟ್ಟರು. ‘ಈ ಕಲ್ಲಿಗೆ ನಮ್ಮತ್ತೆ ವರ್ಷಕ್ಕೊಂದು ದಿನ ದೀಪ ಹಚ್ಚಿ ಬರೋರು ಕಣಪ್ಪ. ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಅತ್ತೆ ಹೋದ ಮೇಲೆ ನಾವೂ ಬಿಟ್ವಿ’ ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಅಂದಿನಿಂದ ನನಗೆ ಈ ಹಾಳೂರಿನ ಹುಚ್ಚು ಹಿಡಿಯಿತು. ಬಿಡುವಾದಾಗ ತಾಲ್ಲೂಕು ಕಚೇರಿಗೆ ಹೋಗಿ ಗ್ರಾಮ ನಕ್ಷೆ ಕೇಳಿದೆ. ನಾವು ಬರೀ ದಿಬ್ಬ ಅಂದುಕೊಂಡಿದ್ದ ಜಾಗಕ್ಕೆ ನಕ್ಷೆಯಲ್ಲಿ ಊರಿನ ಹೆಸರಿದೆ, ಗಡಿಯಿದೆ, ಸರ್ವೆ ನಂಬರಿದೆ. ಪಕ್ಕದಲ್ಲಿ ‘ಬೇಚಿರಾಕ್’ ಎಂದು ಬರೆದಿದೆ. ನಮ್ಮ ಪಹಣಿಗಳಲ್ಲಿಯೂ ಈ ಮಾತು ಕೆಲವರು ನೋಡಿರಬಹುದು. ಇದು ಪಾರಸಿ ಮಾತು. ಚಿರಾಗ್ ಅಂದರೆ ದೀಪ, ಬೇಚಿರಾಗ್ ಅಂದರೆ ದೀಪವಿಲ್ಲದ್ದು. ಜನ ವಾಸವಿಲ್ಲದ, ಸಂಜೆಗೆ ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ಆ ಮಾತಿನ ಅರ್ಥ ತಿಳಿದ ದಿನ ನನಗೆ ಅಜ್ಜಿಯ ಅತ್ತೆ ನೆನಪಾದರು. ಕಾಗದದಲ್ಲಿ ಸರ್ಕಾರ ದೀಪವಿಲ್ಲ ಎಂದು ಬರೆದ ಊರಿಗೆ ಆಕೆ ವರ್ಷಕ್ಕೊಂದು ದಿನ ದೀಪ ಹಚ್ಚುತ್ತಿದ್ದರು.

ಗಾಣಕ್ಕೂ ದೀಪಕ್ಕೂ ಸಂಬಂಧ ಬಹಳ ಹಳೆಯದು. ಇದನ್ನು ನನಗೆ ಹೇಳಿದವರು ಒಬ್ಬ ಕಾಲೇಜು ಮೇಷ್ಟ್ರು. ಬಿ.ಎಲ್. ರೈಸ್ ಎಂಬ ಅಧಿಕಾರಿ ನಮ್ಮ ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 5ನೇ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಅರಸೀಕೆರೆ, ಬೇಲೂರು ಎಂದು ತಾಲ್ಲೂಕುವಾರು ನಂಬರು ಹಾಕಿ ಯಾವ ಊರಿನ ಯಾವ ಕಲ್ಲು ಎಂದು ಬರೆದಿದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಸಂಪುಟಗಳನ್ನೂ ತಂದಿತು. ಹೊಯ್ಸಳರ ಕಾಲದಲ್ಲಿ ಗಾಣಕ್ಕೆ ತೆರಿಗೆ ಇತ್ತು, ಅದಕ್ಕೆ ಗಾಣದೆರೆ ಎಂದು ಹೆಸರು. ದೇವರ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ ಎಂದು ಬಿಟ್ಟುಕೊಡುತ್ತಿದ್ದರು. ಗಾಣವನ್ನೇ ಮಾಡಿಸಿ ದಾನ ಕೊಟ್ಟು, ಆ ಕಲ್ಲಿನ ಮೇಲೆಯೇ ಬರೆಸಿದ್ದೂ ಉಂಟು. ನಾನು ಒಡೆಸಿದ ಕಲ್ಲಿನಲ್ಲಿ ಏನಿತ್ತೋ ಇನ್ನು ಯಾರೂ ಓದುವ ಹಾಗಿಲ್ಲ.

ಗಾಣ ಹೇಗಿತ್ತು ಎಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ದೊಡ್ಡ ಒರಳಿನಂಥ ಕಲ್ಲು, ನಡುವೆ ಕುಳಿ, ಅದರೊಳಗೆ ತಿರುಗುವ ಮರದ ಕೊರಡು. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ಸುತ್ತುತ್ತಿದ್ದರೆ ಹುಚ್ಚೆಳ್ಳು, ಹರಳು, ಹೊಂಗೆ, ಹಿಪ್ಪೆ ಅರೆದು ಎಣ್ಣೆ ಇಳಿಯುತ್ತಿತ್ತು. ಹುಚ್ಚೆಳ್ಳಿನ ಹಿಂಡಿ ಹಸುಗಳಿಗೆ. ನಾವು ಈಗ ಸಂಘದಲ್ಲಿ ಮೂಟೆ ಲೆಕ್ಕದಲ್ಲಿ ಕೊಳ್ಳುವ ಪಶು ಆಹಾರದ ಕೆಲಸವನ್ನು ಆಗ ಊರಿನ ಗಾಣ ಮಾಡುತ್ತಿತ್ತು. ಎಂಜಿನ್ ಮಿಲ್ಲು ಬಂತು, ಗಾಣ ನಿಂತಿತು. ನಾವು ಚಿಕ್ಕವರಿದ್ದಾಗ ದೂರಕ್ಕೆ ಕೇಳುತ್ತಿದ್ದ ಆ ಎಂಜಿನ್ ಮಿಲ್ಲುಗಳೂ ಈಗ ಎಷ್ಟೋ ಕಡೆ ಬಾಗಿಲು ಹಾಕಿ ತಗಡು ಹಾರಿಹೋಗಿವೆ. ಅವುಗಳ ಕಥೆಯನ್ನೂ ಯಾರೂ ಬರೆದಿಟ್ಟಿಲ್ಲ.

ಊರು ಯಾಕೆ ಹಾಳಾಯಿತು ಅಂದರೆ ಎಲ್ಲರೂ ‘ಮಾರಿ ಬಂತು’ ಅನ್ನುತ್ತಾರೆ. ಅದರಲ್ಲಿ ನಿಜವೂ ಇದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅದಕ್ಕೂ ಹಿಂದೆ 1876ರಿಂದ 78ರವರೆಗೆ ಧಾತು ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಂತ ಕಡಿಮೆಗೆ ಇಳಿಯಿತು. ಮಲೆನಾಡಿನ ಕಡೆ ಚಳಿಜ್ವರ ಊರೂರನ್ನೇ ಖಾಲಿ ಮಾಡಿತು. ಯುದ್ಧವೂ ಕಾರಣ. ಹಳೇಬೀಡೇ ನೋಡಿ, ಹೆಸರೇ ಹಳೆಯ ಬೀಡು. ಅದು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, 1327ರ ಸುಮಾರಿಗೆ ಮತ್ತೆ ದೆಹಲಿಯ ದಾಳಿಯಾಯಿತು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ನಮಗೆಲ್ಲ ಹೆಮ್ಮೆ. ಆದರೆ ಆ ದೇವಾಲಯಗಳಿಗೆ ಅಕ್ಕಿ, ಎಣ್ಣೆ, ತುಪ್ಪ ಕಳಿಸಿದ ಚಿಕ್ಕ ಚಿಕ್ಕ ಊರುಗಳ ಕಲ್ಲನ್ನು ಕಾಯುವವರು ಬೇರೆ ಯಾರೂ ಬರುವುದಿಲ್ಲ. ಹೊಲದ ಬದುವಿನಲ್ಲಿ ಇರುವ ನಾವೇ ಕಾಯಬೇಕು.

ಇದು ಬರೀ ಹಳೇ ಕಥೆ ಎಂದು ಕೆಲವರು ನಗಬಹುದು. ಕಾವಲಿನ ಅಂಚಿನ ಹಟ್ಟಿಯವರನ್ನು ಕೇಳಿ. ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳಿಗೆ ಬಿಟ್ಟ ಹುಲ್ಲುಗಾವಲು. ದನ ಕಾಯುತ್ತಾ ಕಾವಲಿನ, ಕಾಡಿನ ಅಂಚಿನಲ್ಲಿ ಹಟ್ಟಿ ಕಟ್ಟಿಕೊಂಡವರಿದ್ದಾರೆ, ತಾಂಡಾದವರಿದ್ದಾರೆ. ತಲೆಮಾರು ಕಳೆದರೂ ಅನೇಕರ ಮನೆಗೆ ಕಾಗದವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಸಾಕ್ಷಿ ಕೊಡಬೇಕು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಹಳೇ ಬಾವಿ, ಹಳೇ ಸಮಾಧಿ, ಗುಡಿ, ಹಿರಿಯರ ಹೇಳಿಕೆ ಇವೆಲ್ಲ ಇಂಥ ಅರ್ಜಿಗೆ ಬೇಕಾಗುತ್ತವೆ. ಬಾವಿ ಮುಚ್ಚಿ, ಕಲ್ಲು ಒಡೆದು, ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಸಾಕ್ಷಿ ಎಲ್ಲಿಂದ ತರುವುದು?

ಆದ್ದರಿಂದ ಈ ಶುಭ ಸಂದರ್ಭದಲ್ಲಿ ಆಡಳಿತ ಮಂಡಳಿಯ ಮುಂದೆ, ನಿಮ್ಮ ಮುಂದೆ, ನಾಲ್ಕು ಮಾತು ಇಡುತ್ತೇನೆ.

ಒಂದು, ಹಾಳೂರು ದಿಬ್ಬದಿಂದ ಇನ್ನು ಮೇಲೆ ಸಂಘದ ಕೆಲಸಕ್ಕಾಗಲಿ ಮನೆ ಕೆಲಸಕ್ಕಾಗಲಿ ಕಲ್ಲು ತರಬಾರದು. ನಿಧಿ ಆಸೆಗೆ ಅಗೆಯುವವರು ಕಂಡರೆ ಪೊಲೀಸಿಗೆ ಹೇಳಬೇಕು.

ಎರಡು, ಉಳುವಾಗ ಅಕ್ಷರವಿರುವ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಸಿಕ್ಕರೆ ಅಲ್ಲೇ ಬಿಟ್ಟು, ಫೋಟೋ ತೆಗೆದು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ಅಕ್ಷರಕ್ಕೆ ಸುಣ್ಣ, ಪೇಂಟು ಬಳಿಯಬೇಡಿ, ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ.

ಮೂರು, ಊರಿನ ಅರ್ಧ ಜನ ದಿನಕ್ಕೆರಡು ಸಲ ಬರುವ ಜಾಗ ಈ ಡೈರಿ. ಇಲ್ಲಿ ಒಂದು ದಪ್ಪ ನೋಟುಬುಕ್ಕು ಇಡೋಣ. ಯಾವ ಮನೆಯವರು ಯಾವ ಹಾಳೂರಿನಿಂದ ಬಂದರು, ಮನೆದೇವರು ಎಲ್ಲಿದೆ, ಗಾಣ ಯಾರದಿತ್ತು, ಮಿಲ್ಲು ಯಾವಾಗ ನಿಂತಿತು ಎಂದು ಹಿರಿಯರು ಹೇಳಲಿ, ಹೈಸ್ಕೂಲು ಮಕ್ಕಳು ಬರೆಯಲಿ. ಹೇಳಿದವರ ಹೆಸರು, ವಯಸ್ಸು, ತಾರೀಖು ಕಡ್ಡಾಯ. ಹೆಂಗಸರನ್ನು ಮರೆಯದೆ ಕೇಳಿ. ಯಾವ ಊರಿಂದ ಯಾವ ಊರಿಗೆ ಹೆಣ್ಣು ಬಂತು ಎಂಬುದು ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ.

ನಾಲ್ಕು, ಹಿತ್ತಲಲ್ಲಿರುವ ಗಾಣದ ಕಲ್ಲಿನ ತುಂಡನ್ನು ಮುಂಭಾಗಕ್ಕೆ ತಂದು ಒಂದು ಕಟ್ಟೆ ಕಟ್ಟಿಸೋಣ. ಅದರ ಖರ್ಚು ನನ್ನದು, ಸಂಘದ ಲೆಕ್ಕಕ್ಕೆ ಹಾಕುವುದು ಬೇಡ. ಒಡೆಸಿದವನು ನಾನು.

ಗಾಣಿಗರ ಮನೆ ಅಜ್ಜಿ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನೋಟುಬುಕ್ಕಿನ ಮೊದಲನೇ ಪುಟ ಅವರಿಂದಲೇ ಶುರುವಾಗಲಿ ಎಂದು ಕೇಳಿಕೊಂಡಿದ್ದೇನೆ. ‘ನಂಗೇನ್ ಗೊತ್ತಪ್ಪ, ಅತ್ತೆ ಹೇಳ್ಲಿಲ್ವಲ್ಲ’ ಅಂದರು. ಅದನ್ನೇ ಬರೆಯೋಣ ಅಂದಿದ್ದೇನೆ.

ನನ್ನ ಮಾತು ಇಷ್ಟೇ.  ಜೈ ಸಹಕಾರ.